ಗೊರವಂಕದ ಬಾಯಲ್ಲಿ ಉಳಿದ ಮಾತು

“ನಾಳೆ ಬೆಳಗಾಗುವಷ್ಟರಲ್ಲಿ ಮನುಷ್ಯರೆಲ್ಲ ಒಮ್ಮೆಗೇ ಇಲ್ಲವಾದರೆ ಈ ಭೂಮಿ ಏನಾದೀತು?” ಎಂದು ರೇಡಿಯೋದವನು ಕೇಳಿದಾಗ ದರ್ಜಿ ಕೋಟಿನ ಬಟ್ಟೆಗೆ ಕತ್ತರಿ ಇಡುವುದರಲ್ಲಿದ್ದ. ಕೈ ತಡೆದ. “ಬೆಳಬೆಳಗ್ಗೆ ಎಂಥ ಮಾತು ಆಡ್ತಾನಪ್ಪ ಇವನು! ಗುರುವಾರಕ್ಕೆ ಕೋಟು ಕೊಡ್ಬೇಕು ನಾನು” ಎಂದು ಗೊಣಗಿದ. ಆದರೂ ರೇಡಿಯೋ ಆರಿಸಲಿಲ್ಲ. ಬಾಗಿಲ ಬೆಳಕಿಗೆ ಕೂತು ಅಂಗಿಗೆ ಕಾಜ ಹೊಲಿಯುತ್ತಿದ್ದ ಅವನ ಹೆಂಡತಿಯೂ ಕಿವಿಗೊಟ್ಟಳು. ಹೊಲಿದ ಅಂಗಿಗಳನ್ನು ನೇತುಹಾಕುವ ಕಂಬಿಯ ಮೇಲೆ ಅವರ ಗೊರವಂಕ ಕೂತಿತ್ತು. ಮರಿಯಾಗಿದ್ದಾಗ ಅಂಗಡಿಯ ಬೋರ್ಡಿನ ಹಿಂದಿನ ಗೂಡಿನಿಂದ ಬಿದ್ದು ರೆಕ್ಕೆ ಮುರಿದುಕೊಂಡ ಹಕ್ಕಿ ಅದು. ಪಂಜರವಿರಲಿಲ್ಲ, ಹೋಗುವ ಮನಸ್ಸೂ ಅದಕ್ಕಿರಲಿಲ್ಲ.

ಮೊದಲು ದೀಪಗಳು ಆರುತ್ತವೆ, ಎಂದ ರೇಡಿಯೋದವನು. ಪಂಪುಗಳು ನಿಂತು ನೆಲದಡಿಯ ಸುರಂಗಗಳಿಗೆಲ್ಲ ನೀರು ನುಗ್ಗುತ್ತದೆ. ರಸ್ತೆಯ ಬಿರುಕಲ್ಲಿ ಹುಲ್ಲು ಏಳುತ್ತದೆ, ಹುಲ್ಲಿನ ಹಿಂದೆ ಗಿಡ, ಗಿಡದ ಹಿಂದೆ ಮರ. ಹತ್ತಿ, ಉಣ್ಣೆ ಮಣ್ಣು ಸೇರುತ್ತವೆ. ಪ್ಲಾಸ್ಟಿಕ್ಕು ಮಾತ್ರ ಬಹುಕಾಲ ಇರುತ್ತದೆ.

“ಕೇಳಿದ್ಯಾ?” ದರ್ಜಿ ಹಿಗ್ಗಿದ. “ಕೋಟು ಹೋದ್ರೂ ಪ್ಲಾಸ್ಟಿಕ್ ಗುಂಡಿ ಉಳಿಯುತ್ತಂತೆ. ನನ್ನ ಕೈಕೆಲಸ ಅಂದ್ರೆ ಏನಂದ್ಕೊಂಡಿದೀಯ!”

“ಗುಂಡಿ ಹಾಕೋಳು ನಾನು.”

“ನಿನಗೇನ್ ಗೊತ್ತು, ಸುಮ್ನಿರು.”

ಸಿಟ್ಟಿನಿಂದ ಅಂದದ್ದಲ್ಲ. ದಾರ ಕಡಿದು ತುಂಡು ಉಗುಳುವಷ್ಟೇ ಸಲೀಸಾಗಿ ಆ ಮಾತು ಅವನ ಬಾಯಿಂದ ಬೀಳುತ್ತಿತ್ತು. ಮೊದಲ ಸಲ ಬಿದ್ದದ್ದು ಅವಳು ಮದುವೆಯಾಗಿ ಬಂದ ವಾರ. ಕೆಲಸದ ಗುಂಗಿನಲ್ಲಿ ಅಪ್ಪ ಹೇಳಿಕೊಟ್ಟ ಪದ್ಯವೊಂದನ್ನು ರಾಗವಾಗಿ ಎತ್ತಿದ್ದಳು; ಗಿರಾಕಿ ಎದುರಿಗಿದ್ದ. ಅಪ್ಪ ಪದ್ಯಗಳನ್ನು ಎಲ್ಲಿಯೂ ಬರೆದಿಟ್ಟವರಲ್ಲ. ಅವರ ಬಾಯಿಂದ ಇವಳ ಕಿವಿಗೆ, ಅಷ್ಟೇ ದಾರಿ. ಅವರು ಹೋದ ಮೇಲೆ ಅಣ್ಣಂದಿರಿಗೆ ಮನೆ ಬಂತು, ಇವಳಿಗೆ ಪದ್ಯ ಬಂತು. ಗಿರಾಕಿಯೆದುರು ಆ ಮಾತು ಬಿದ್ದ ದಿನದಿಂದ ಅವಳು ದನಿಯಿಲ್ಲದೆ, ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು; ಸೂಜಿ ತಾಳ ಹಾಕುತ್ತಿತ್ತು. ಈಚೀಚೆಗೆ ದಾರ ಸವೆದ ಗುಂಡಿಯ ಹಾಗೆ ಒಂದೊಂದೇ ಸಾಲು ಕಳಚಿ ಬೀಳುತ್ತಿತ್ತು. ಎಲ್ಲಿ ಬಿತ್ತು ಎಂದು ಯಾರನ್ನು ಕೇಳುವುದು?

“ಇನ್ನು ಮನುಷ್ಯರ ಮಾತು,” ರೇಡಿಯೋದವನು ಮುಗಿಸುವುದರಲ್ಲಿದ್ದ. “ಮಾತು ಕಲಿತ ಗಿಳಿಗಳೋ ಗೊರವಂಕಗಳೋ ಎಲ್ಲಾದರೂ ಬದುಕಿದ್ದರೆ, ಅವು ಇರುವಷ್ಟು ಕಾಲ ಅದೂ ಇದ್ದೀತು. ನಮ್ಮೆಲ್ಲರ ಕೊನೆಯ ಮಾತನ್ನು ಒಂದು ಹಕ್ಕಿ ಆಡೀತು.”

“ಅಯ್ಯೋ, ನಮ್ಮ ಸಾಹೇಬರು!” ದರ್ಜಿ ಕಂಬಿಯ ಕಡೆ ತಿರುಗಿದ. “ಏನಪ್ಪ, ನಾವೆಲ್ಲ ಹೋದ್ಮೇಲೆ ನಮ್ಮ ಪರವಾಗಿ ಏನ್ ಹೇಳ್ತೀಯ? ಹೇಳು ನೋಡೋಣ.”

ಹಕ್ಕಿ ಮೈ ಉಬ್ಬಿಸಿತು. ದರ್ಜಿಯದೇ ದನಿಯಲ್ಲಿ, ಅವನ ಹಾಗೆಯೇ ಒಮ್ಮೆ ಗಂಟಲು ಕೆರೆದು ಹೇಳಿತು: “ನಿನಗೇನ್ ಗೊತ್ತು, ಸುಮ್ನಿರು!”

ದರ್ಜಿ ಮೇಜು ಬಡಿದು ನಕ್ಕ. “ಯಾರಿಗೆ ಹೇಳ್ತೀಯೋ ಅದನ್ನ? ಆಗ ಯಾರೂ ಇರಲ್ವಲ್ಲೋ!”

“ಮರಕ್ಕೆ ಹೇಳುತ್ತೆ.” ಅವಳು ಕಾಜದಿಂದ ಕಣ್ಣೆತ್ತಲಿಲ್ಲ. “ಮರಾನೂ ಸುಮ್ನಾಗುತ್ತೆ. ನಾನಾಗ್ಲಿಲ್ವೇ?”

ಅವನ ನಗು ಅರ್ಧಕ್ಕೆ ನಿಂತಿತು. ರೇಡಿಯೋ ಸೋಪಿನ ಜಾಹೀರಾತಿನ ಹಾಡಿಗೆ ಇಳಿದಿತ್ತು; ಕೈ ಚಾಚಿ ಆರಿಸಿದ. ಸದ್ದಿಲ್ಲದೆ ಆಡುತ್ತಿದ್ದ ತನ್ನ ತುಟಿಗಳನ್ನೇ ಅವನು ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಾದದ್ದು ಸ್ವಲ್ಪ ಹೊತ್ತಿನ ಮೇಲೆ.

“ಇವಳೇ, ಅದೇನು ಬಾಯಲ್ಲೇ ಹೇಳ್ಕೋತಿದೀಯ?”

“ಏನಿಲ್ಲ ಬಿಡಿ. ಹೊಲಿಗೆ ಎಣಿಸ್ತಿದೀನಿ.”

“ಇಷ್ಟು ವರ್ಷ ನಾನೂ ಹಾಗೇ ಅಂದ್ಕೊಂಡಿದ್ದೆ,” ಎಂದ. “ಅದು ನಿಮ್ಮಪ್ಪಂದು ಅಲ್ವಾ?” ಆಮೇಲೆ ಕತ್ತರಿಯಿಂದ ಹಕ್ಕಿಯನ್ನು ತೋರಿಸಿದ. “ಅದಕ್ಕೆ ಕಲಿಸೇ. ಅದ್ರ ಬಾಯಲ್ಲಿ ನನ್ನ ಮಾತೊಂದೇ ಉಳಿಯೋದು ಬೇಡ.”

“ಹೋಗ್ರೀ, ನನ್ನ ಗಂಟಲು ಯಾವತ್ತೋ ತುಕ್ಕು ಹಿಡೀತು,” ಎಂದಳು. ಅಂದರೂ ಸೂಜಿ ನಿಂತಿತ್ತು. ಇದ್ದೂ ಇಲ್ಲದ ದನಿಯಲ್ಲಿ ಶುರು ಮಾಡಿದಳು: “ಯಾರಿಲ್ಲದೆಡೆಯಲ್ಲೂ ಅರಳುವ ಹೂವೇ…”

“ನಿನಗೇನ್ ಗೊತ್ತು, ಸುಮ್ನಿರು!” ಎಂದಿತು ಗೊರವಂಕ.

ಅವಳ ಬಾಯಿ ತಾನಾಗಿ ಮುಚ್ಚಿಕೊಂಡಿತು. ಹಕ್ಕಿಯ ಮೇಲೆ ಕೋಪವೂ ಬರಲಿಲ್ಲ. ಬಿಟ್ಟಿದ್ದ ಕಾಜವನ್ನು ಮತ್ತೆ ಕೈಗೆತ್ತಿಕೊಂಡಳು.

ದರ್ಜಿ ಕತ್ತರಿ ಕೆಳಗಿಟ್ಟ. ಗುರುವಾರದ ಕೋಟಿನ ಬಟ್ಟೆಯನ್ನು ಕತ್ತರಿಸದೆ ಹಾಗೇ ಬಿಟ್ಟು, ಸ್ಟೂಲು ಎಳೆದುಕೊಂಡು ಹಕ್ಕಿಯ ಎದುರು ಕೂತ. ಅಷ್ಟರಲ್ಲಿ ಅಳತೆ ಕೊಡಲು ಬಂದವನೊಬ್ಬ ಹೊಸ್ತಿಲ ಮೇಲೆ ಬಾಯಿ ತೆರೆಯಹೋದರೆ, ಕೈ ಅಡ್ಡ ಮಾಡಿ ಅಲ್ಲೇ ನಿಲ್ಲಿಸಿದ. ಗಂಟಲು ಕೆರೆಯಲು ಹೋಗಿ, ಹಕ್ಕಿ ಅದನ್ನೂ ಕಲಿತೀತೆಂದು ತಡೆದುಕೊಂಡ. ಆಮೇಲೆ ತನ್ನ ಒರಟು ದನಿಯನ್ನು ಆದಷ್ಟು ಇಳಿಸಿ ಹೇಳಿದ: “ಹೇಳು, ಕೇಳ್ತಿದೀನಿ.”

ಹಕ್ಕಿ ತನ್ನ ಹಳೆಯ ಪಾಠವನ್ನೇ ಒಪ್ಪಿಸಿತು.

“ಹೇಳು, ಕೇಳ್ತಿದೀನಿ,” ಎಂದ ಅವನು. “ಹೇಳು, ಕೇಳ್ತಿದೀನಿ.”

ಅವನು ಅವಳ ಕಡೆ ತಿರುಗಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಅವನ ಬೆನ್ನು, ಕೊರಳಲ್ಲಿ ಜೋತುಬಿದ್ದ ಅಳತೆ ಟೇಪು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಮೊದಲ ಸಾಲನ್ನು ಮತ್ತೆ ಎತ್ತಿಕೊಂಡಳು. ಗೊರವಂಕ ಕತ್ತು ಓರೆ ಮಾಡಿ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿತು. ಯಾರದನ್ನು ಕಲಿಯಬೇಕೆಂದು ಅದಕ್ಕಿನ್ನೂ ತಿಳಿದಿರಲಿಲ್ಲ.