ಅಜ್ಜಿಯ ಪಾಲು

ಶಿವಲೀಲಾಳಿಗೆ ಮೂರ್ಛೆರೋಗವಿತ್ತು, ಬೆಳಗ್ಗೆ ಎದ್ದೊಡನೆ ಕೈ ತಾನಾಗಿಯೇ ಜಾಡಿಸುತ್ತಿತ್ತು. ಎಲ್ಲ ಮನೆಗಳಂತೆ ಅವಳ ಮನೆಯವರೂ ಒಬ್ಬರ ಬೇನೆಯನ್ನು ಎಲ್ಲರಿಗೂ ಹಂಚುವ ಕಡಗ ತೊಟ್ಟು ಆ ಸೆಳೆತದ ಝಟಕಾವನ್ನು ಪಾಲು ಮಾಡಿಕೊಂಡಿದ್ದರು. ಅಜ್ಜಿಯೂ ಸೇರಿ ನಾಲ್ವರಿಗೂ ಸಮಪಾಲೆಂದೇ ತಿಳಿದಿದ್ದರು. ಅದು ಬಂದಾಗ ಅವಳ, ಅಪ್ಪನ, ಅವ್ವನ ಬೆರಳು ತುಸು ಮಿಡುಕುತ್ತಿದ್ದವು, ಅಷ್ಟೇ. ಅದಕ್ಕೇ ಚಹಾ ಅರ್ಧ ಕಪ್ಪಷ್ಟೇ ಸುರಿಯುವ ರೂಢಿ. ಅಜ್ಜಿ ಮಾತ್ರ ಕಪ್ಪನ್ನು ನೆಲಕ್ಕಿಟ್ಟು, ಆರಿದ ಮೇಲೆ ಕುಡಿಯುತ್ತಿದ್ದಳು.

"ನನಗೇನೂ ಗೊತ್ತಾಗೂದಿಲ್ಲ ಬಿಡವಾ," ಅನ್ನುತ್ತಿದ್ದಳು.

ಅಜ್ಜಿಯನ್ನು ಮಣ್ಣು ಮಾಡಿದ ಮರುದಿನ ಮೂವರೂ ಚಹಾಕ್ಕೆ ಕೂತರು. ಝಟಕಾ ಬಂತು. ಮೂರು ಕಪ್ಪೂ ಕೈಯಿಂದ ಹಾರಿ ಒಡೆದವು.

"ಇಷ್ಟು ಜೋರು ಎಂದೂ ಬಂದಿದ್ದಿಲ್ಲಲ್ಲ!" ಅಂದ ಅಪ್ಪ.

ಅಜ್ಜಿ ಕಪ್ಪಿಡುತ್ತಿದ್ದ ನೆಲವನ್ನೇ ನೋಡುತ್ತಿದ್ದಳು ಶಿವಲೀಲಾ.

"ದಿನಾ ಇಷ್ಟಽ ಬರ್ತಿತ್ತಪ್ಪಾ," ಅಂದಳು.