ಮುತ್ತಣ್ಣನ ಮಡು

ಗಾಳ ಹಾಕುವವರು ಮೀನು ಸಿಕ್ಕ ಜಾಗವನ್ನು ಹೆತ್ತ ತಾಯಿಗೂ ಹೇಳುವುದಿಲ್ಲ. ಕೇಳಿದವರಿಗೆ ಸುಳ್ಳು ದಾರಿ ತೋರಿಸುತ್ತಾರೆ. ಮುತ್ತಣ್ಣ ಮಾತ್ರ ಇದ್ದದ್ದನ್ನು ಇದ್ದಂತೆಯೇ ಹೇಳುತ್ತಿದ್ದ.

“ಸೇತುವೆ ಕೆಳಗಿನ ಮಡು. ಕೊಕ್ಕೆಗೆ ಹುಂಜದ ಕೆಂಪು ಗರಿ ಸುತ್ತಿ ನೊಣದ ಹಾಗೆ ಕಟ್ಟು, ಸಾಕು.”

ಬುರುಡೆ ಬಿಡುತ್ತಾನೆಂದು ಎಲ್ಲರೂ ಬೇರೆ ಕಡೆ ಹೋಗುತ್ತಿದ್ದರು. ಮಡು ಅವನೊಬ್ಬನದೇ ಆಗಿ ಉಳಿದಿತ್ತು.

ಒಂದು ಬೆಳಿಗ್ಗೆ ಹೋದರೆ, ಪಕ್ಕದ ಮನೆಯ ಹೊಸ ಸೊಸೆ ಅಲ್ಲೇ ನಿಂತು ಗಾಳ ಬೀಸುತ್ತಿದ್ದಾಳೆ! ದಾರದ ತುದಿಯಲ್ಲಿ ಕೆಂಪು ಗರಿಯ ನೊಣ.

“ಈ ಜಾಗ ನಿಂಗ್ಯಾರಮ್ಮಾ ಹೇಳಿದ್ದು?”

“ನೀವೇ ಅಲ್ವಾ ಮಾವ, ನಿನ್ನೆ!”

“ಹೇಳಿದ್ರೆ ನಂಬಿಬಿಡೋದಾ? ಇನ್ನು ಊರೆಲ್ಲ ನಿನ್ನ ಹಿಂದೆ ಬರುತ್ತೆ.”

ಅವಳು ನಕ್ಕಳು.

“ಯಾರೂ ಬರಲ್ಲ ಮಾವ. ಎಲ್ಲಿಗೆ ಅಂತ ಕೇಳಿದವರಿಗೆಲ್ಲ ನಾನೂ ನಿಜಾನೇ ಹೇಳಿ ಬಂದಿದ್ದೀನಿ.”