ಎದುರು ಮನೆಯ ಹೊಸ್ತಿಲು

ಒದ್ದೆ ಅರಿಶಿನದ ವಾಸನೆ ಬಂದರೆ ಈಗಲೂ ಅಹಮದಾಬಾದಿನ ನಮ್ಮ ಫ್ಲಾಟಿನ ಎದುರು ಬಾಗಿಲು ಕಣ್ಣಿಗೆ ಕಟ್ಟುತ್ತದೆ.

ಗಲಭೆಯ ದಿನಗಳವು; ನಾನಿನ್ನೂ ಚಿಕ್ಕವಳು. ಗುಂಪೊಂದು ಬಾಗಿಲುಗಳನ್ನು ನೋಡುತ್ತಾ ಮುಸ್ಲಿಮರ ಮನೆ ಹುಡುಕುತ್ತಿದೆ ಎಂಬ ಸುದ್ದಿ ಮಧ್ಯಾಹ್ನ ಬಂತು. ಕೆಳಗಿನ ಮನೆಯ ಕೋಕಿಲಾಬೆನ್ ಎದುರು ಮನೆಯ ಜುಬೇದಾಬೆನ್ ಅವರ ಹೆಸರಿನ ಫಲಕ ಬಿಚ್ಚಿ, ತಮ್ಮ ಬಾಗಿಲ ತೋರಣವನ್ನೇ ತಂದು ಅಲ್ಲಿ ಕಟ್ಟಿದರು. ಅಮ್ಮ ಹೊಸ್ತಿಲಿಗೆ ದಪ್ಪಗೆ ಅರಿಶಿನ ಬಳಿದು ಕುಂಕುಮದ ಬೊಟ್ಟುಗಳನ್ನಿಟ್ಟಳು. ಬಟ್ಟಲು ಹಿಡಿದು ಪಕ್ಕದಲ್ಲಿ ಕೂತವರು ಜುಬೇದಾಬೆನ್.

"ನಮ್ಮ ಮನೇದಕ್ಕಿಂತ ಚೆನ್ನಾಗಿ ಬಂತು ನೋಡೇ," ಎಂದು ಅಮ್ಮ ನನ್ನತ್ತ ತಿರುಗಿ ನಕ್ಕಳು.

ಗುಂಪು ಮೆಟ್ಟಿಲು ಹತ್ತಿ ಬಂದು, ಆ ಹೊಸ್ತಿಲು ನೋಡಿ, ಇಳಿದು ಹೋಯಿತು.

ಕರ್ಫ್ಯೂ ಸಡಿಲಿದ ಮೇಲೆ ಜುಬೇದಾಬೆನ್ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಒದ್ದೆ ಬಟ್ಟೆಯಿತ್ತು.

"ಬೆನ್, ಬುರಾ ಮತ್ ಮಾನ್‌ನಾ. ಅಬ್ ಪೋಂಛ್ ದೂಂ?"

ಬೇಜಾರು ಮಾಡ್ಕೋಬೇಡಿ ಎನ್ನುತ್ತಾ, ತಮ್ಮದೇ ಹೊಸ್ತಿಲನ್ನು ಒರೆಸಲು ಅವರು ಅಮ್ಮನ ಅಪ್ಪಣೆ ಕೇಳುತ್ತಿದ್ದರು. ಅಮ್ಮ ಬಾಯಿ ತೆರೆಯುವ ಮೊದಲೇ ನಾನು ಉತ್ಸಾಹದಿಂದ ಹೇಳಿದೆ: "ಬೇಡ ಆಂಟಿ, ಇರಲಿ ಬಿಡಿ. ಈಗಲೇ ನಿಮ್ಮನೆ ಚೆನ್ನಾಗಿ ಕಾಣತ್ತೆ!"

ಜುಬೇದಾಬೆನ್ ನನ್ನ ಕೆನ್ನೆ ಮುಟ್ಟಿ, ಬಟ್ಟೆ ಮಡಚಿಕೊಂಡು ಹೋದರು. ಅರಿಶಿನ ತಾನಾಗಿ ಮಾಸುವವರೆಗೂ ಅವರ ಮನೆಯವರೆಲ್ಲ ಅದನ್ನು ತುಳಿಯದೆ ದಾಟಿ ಓಡಾಡಿದರು.